ಗಣೆಯ ದನಿ ಕಡಲಾಚೆ: ಒಂದು ವಿಡಿಯೊ ಕಲಾಕೃತಿಯ ವಿದೇಶ ಪ್ರವಾಸ, ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಹಟ್ಟಿಯ ಹೆಸರಿಲ್ಲ, ಗ್ಯಾಲರಿಗಳ ಹೆಸರಿಲ್ಲ, ವಿಶ್ವವಿದ್ಯಾಲಯಗಳ ಹೆಸರೂ ಇಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ನಾನು ಈ ಪ್ರವಾಸದಲ್ಲಿ ಸಬ್‌ಟೈಟಲ್ ಮತ್ತು ಕಾಗದಪತ್ರ ನೋಡಿಕೊಂಡವನು. ವಿಮಾನ ಹತ್ತಿದವನಲ್ಲ. ತುಮಕೂರಿನಲ್ಲಿ ಕೂತು, ಆಗಾಗ ಶಿರಾ ಬಸ್ ಹತ್ತಿ ಹೋಗಿಬಂದು ಕಂಡದ್ದನ್ನು ಬರೆಯುತ್ತಿದ್ದೇನೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಬಹುದು.

ಹಿನ್ನೆಲೆ

ಕಲಾವಿದೆ ತುಮಕೂರಿನವರು. ಚಿತ್ರಕಲೆ ಓದಿ, ಆಮೇಲೆ ವಿಡಿಯೊ ಕಡೆ ಹೊರಳಿದವರು. ಅವರು ಕಾಡುಗೊಲ್ಲರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮುಕ್ಕಾಲು ತೊಡಕಿಗೆ ಬೇರು ಇದೇ.

ಕಾಡುಗೊಲ್ಲರು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಬಯಲುಸೀಮೆಯಲ್ಲಿ ದನ, ಕುರಿ ಸಾಕಿಕೊಂಡು ಬಂದ ಸಮುದಾಯ. ಊರಿಂದ ಸ್ವಲ್ಪ ದೂರಕ್ಕೆ ಹಟ್ಟಿ, ಸುತ್ತ ಮುಳ್ಳುಬೇಲಿ, ಒಳಗೆ ಕುರಿ ಕೂಡುವ ರೊಪ್ಪ. ಜುಂಜಪ್ಪ ಅವರಿಗೆ ದೇವರೂ ಹೌದು, ದನ ಕಾಯ್ದ ವೀರನೂ ಹೌದು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಅವನ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಹಾಡುವವರ ಕೈಯಲ್ಲಿ ಗಣೆ ಇರುತ್ತದೆ, ಉದ್ದನೆಯ ಬಿದಿರಿನ ಕೊಳಲು. ಸ್ವಲ್ಪ ಹಾಡುವುದು, ಗಣೆಗೆ ಬಾಯಿಟ್ಟು ಊದುವುದು, ಮತ್ತೆ ಹಾಡುವುದು. ದನಿ ದೊಡ್ಡದಲ್ಲ. ಹತ್ತಿರ ಕೂತವರಿಗೆ ಮಾತ್ರ ಅದರ ಉಸಿರು ಕೇಳುತ್ತದೆ.

2021ರಲ್ಲಿ ಕಲಾವಿದೆ ಒಂದು ಹಟ್ಟಿಗೆ ಹೋಗಿ ಗಣೆ ಊದುವ ಅಜ್ಜನೊಬ್ಬರ ಪರಿಚಯ ಮಾಡಿಕೊಂಡರು. ಸುಮಾರು ಒಂದೂವರೆ ವರ್ಷ ಹೋಗಿಬಂದು ಚಿತ್ರೀಕರಿಸಿದರು. ಕೊನೆಗೆ 22 ನಿಮಿಷದ ಕೃತಿ ಆಯಿತು. ಎರಡು ಪರದೆ. ಎಡಗಡೆ ಅಜ್ಜನ ಬೆರಳು, ಬಾಯಿ, ಗಣೆ. ಬಲಗಡೆ ಗುಡ್ಡ, ಕುರಿ, ಬೇಲಿ, ಬೆಳಗಿನ ಹೊಗೆ. ಮಾತಿಲ್ಲ, ವಿವರಣೆ ಇಲ್ಲ, ಹಾಡು ಮಾತ್ರ. ನನಗೆ ಇವತ್ತಿಗೂ ಇಷ್ಟದ ಕೆಲಸ ಅದು.

2023ರ ಬೇಸಿಗೆಯಲ್ಲಿ ಅಜ್ಜ ತೀರಿಕೊಂಡರು. ಮರುವರ್ಷ ಮೂರು ಕಡೆಯಿಂದ ಕರೆ ಬಂತು: ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ, ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯದ ಗ್ಯಾಲರಿ, ಕೆನಡಾದಲ್ಲಿ ಕಲಾವಿದರೇ ನಡೆಸುವ ಒಂದು ಸಣ್ಣ ಗ್ಯಾಲರಿ.

ಒಂದು ಇಮೇಲ್

ನಮ್ಮ ಲೆಕ್ಕದಲ್ಲಿ ಕಷ್ಟ ಅಂದರೆ ವೀಸಾ, ಟಿಕೆಟ್, ದುಡ್ಡು. ಆದರೆ ಮೊದಲು ಬಂದದ್ದು ಆಸ್ಟ್ರೇಲಿಯಾದಿಂದ ಒಂದು ಸಾಧಾರಣ ಇಮೇಲ್. ‘ಸಮುದಾಯದ ಒಪ್ಪಿಗೆ ಹೇಗೆ ಪಡೆದಿರಿ ಎಂದು ತಿಳಿಸಿ’ ಎಂದಿತ್ತು.

ನಮ್ಮ ಹತ್ತಿರ ಕಾಗದ ಇತ್ತು. ಅಂತರ್ಜಾಲದಿಂದ ಇಳಿಸಿಕೊಂಡ ಇಂಗ್ಲಿಷ್ ನಮೂನೆ. ‘ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಎಂದೆಂದಿಗೂ’ ಬಳಸಬಹುದು ಅಂತ ಬರೆದಿತ್ತು. ಕೆಳಗೆ ಅಜ್ಜನ ಹೆಬ್ಬೆಟ್ಟು. ಅದನ್ನೇ ಸ್ಕ್ಯಾನ್ ಮಾಡಿ ಕಳಿಸಿದೆವು. ಅವರು ಅದನ್ನು ಒಪ್ಪಲಿಲ್ಲ. ಆಸ್ಟ್ರೇಲಿಯಾ ಕೌನ್ಸಿಲ್ ಅಲ್ಲಿನ ಮೂಲನಿವಾಸಿಗಳ ಕಲೆ, ಹಾಡು, ಕತೆ ಬಳಸುವವರಿಗಾಗಿ 2019ರಲ್ಲಿ ಒಂದು ಕೈಪಿಡಿ ಹೊರತಂದಿದೆ. ಅದು ಅವರ ನೆಲದ ಜನರಿಗಾಗಿ ಬರೆದದ್ದು. ಈ ಗ್ಯಾಲರಿಯವರು ಅದೇ ಅಳತೆಗೋಲನ್ನು ಹೊರಗಿನ ಕೃತಿಗಳಿಗೂ ಹಿಡಿಯುತ್ತಾರಂತೆ. ಅವರು ಕೇಳಿದ್ದು ಸರಳ: ಹೆಬ್ಬೆಟ್ಟು ಒತ್ತುವಾಗ ಆ ಹಿರಿಯರಿಗೆ ಈ ಕಾಗದ ಓದಿ ಹೇಳಿದ್ದು ಯಾರು, ಯಾವ ಭಾಷೆಯಲ್ಲಿ? ಅವರು ಈಗ ಇಲ್ಲ ಅಂದಮೇಲೆ ಯಾರನ್ನು ಕೇಳಿದಿರಿ?

ಕಲಾವಿದೆಗೆ ಸಿಟ್ಟು ಬಂತು. ‘ಒಂದೂವರೆ ವರ್ಷ ಅವರ ಮನೇಲಿ ಮುದ್ದೆ ಉಂಡಿದೀನಿ, ಇವರಿಗೇನು ಗೊತ್ತು?’ ಅಂದರು. ನನಗೂ ಹಾಗೇ ಅನ್ನಿಸಿತ್ತು. ಜನಪದ ಹಾಡು ಯಾರೊಬ್ಬರ ಆಸ್ತಿಯೂ ಅಲ್ಲ ಎಂಬ ಮಾತನ್ನೂ ನಾವಿಬ್ಬರೂ ಆಡಿದೆವು. ಅದು ಅರ್ಧ ಸತ್ಯ ಎಂದು ಗೊತ್ತಾದದ್ದು ಆಮೇಲೆ. ಹಾಡು ಪರಂಪರೆಯದ್ದೇ ಇರಬಹುದು. ಆದರೆ ಅದನ್ನು ಹಾಡಿದವರಿಗೆ ಆ ಹಾಡಿಕೆಯ ಮೇಲೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಹಕ್ಕಿದೆ. ಅದು 50 ವರ್ಷ ಇರುತ್ತದೆ. ಆಸ್ಟ್ರೇಲಿಯಾದವರು ಕೇಳುವ ತನಕ ನಾವು ಆ ಕಾಯ್ದೆಯನ್ನು ತೆರೆದೇ ನೋಡಿರಲಿಲ್ಲ.

ಎರಡು ದಾರಿ ಇತ್ತು. ಆಸ್ಟ್ರೇಲಿಯಾವನ್ನು ಬಿಟ್ಟು ಉಳಿದ ಎರಡು ಕಡೆ ತೋರಿಸುವುದು, ಇಲ್ಲವೇ ಹಟ್ಟಿಗೆ ಹೋಗಿ ಮತ್ತೆ ಮೊದಲಿಂದ ಮಾತಾಡುವುದು. ಒಂದು ವಾರ ಸುಮ್ನೆ ಇದ್ದು, ಕಲಾವಿದೆ ಎರಡನೆಯದಕ್ಕೆ ಒಪ್ಪಿದರು. ಮನಸಾರೆ ಒಪ್ಪಿದರು ಅಂತೇನೂ ಹೇಳಲಾರೆ.

ಹಟ್ಟಿಯಲ್ಲಿ

ಪ್ರೊಜೆಕ್ಟರ್ ಹೊತ್ತುಕೊಂಡು ಹೋದೆವು. ಶಾಲೆಯ ಗೋಡೆ ಮೇಲೆ 22 ನಿಮಿಷವನ್ನೂ ತೋರಿಸಿದೆವು. ಚಿತ್ರ ತಯಾರಾಗಿ ವರ್ಷವೇ ಆಗಿತ್ತು, ಹಟ್ಟಿಯವರು ಅದನ್ನು ಪೂರ್ತಿ ನೋಡಿದ್ದು ಅವತ್ತೇ ಮೊದಲು. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಅಜ್ಜನ ಮುಖ ಬಂದಾಗ ಹೆಂಗಸರು ಅತ್ತರು. ಆಸ್ಟ್ರೇಲಿಯಾದಲ್ಲಿ ಇಂಥ ಚಿತ್ರಗಳ ಮೊದಲು ‘ಇದರಲ್ಲಿ ತೀರಿಕೊಂಡವರ ಚಿತ್ರ, ದನಿ ಇರಬಹುದು’ ಎಂದು ಎಚ್ಚರಿಕೆ ಹಾಕುವ ರೂಢಿ ಇದೆ. ಅಲ್ಲಿನ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಸತ್ತವರ ಮುಖ, ಹೆಸರು, ದನಿಯ ವಿಷಯದಲ್ಲಿ ಕಟ್ಟಳೆಗಳಿವೆ. ನಮಗೂ ಅಂಥದ್ದು ಬೇಕಾ ಎಂದು ಅಜ್ಜನ ಮಗನನ್ನು ಕೇಳಿದೆ. ‘ಯಾಕೆ ಮೇಷ್ಟ್ರೇ? ಅಪ್ಪನ ದನಿ ಕೇಳ್ಲಿ ಅಂತ್ಲೇ ಅಲ್ವಾ ಮಾಡಿದ್ದು? ನಾಕು ದೇಸದೋರು ಕೇಳ್ಲಿ. ಚಪ್ಲಿ ಬಿಟ್ಟು ಕೇಳ್ಲಿ, ಅಷ್ಟೇ’ ಅಂದ.

ಆದರೆ ಇನ್ನೊಂದು ಕಡೆ ತಕರಾರು ಎದ್ದಿತು. ಕೃತಿಯ ನಡುವೆ ದೇವರ ಪೆಟ್ಟಿಗೆ ತೆರೆಯುವ ದೃಶ್ಯ ಇತ್ತು, ಸುಮಾರು 4 ನಿಮಿಷ. ಬಹಳ ಚೆಂದದ ಬೆಳಕು. ಕಲಾವಿದೆ ಪ್ರಕಾರ ಇಡೀ ಕೃತಿಯ ಜೀವ ಅದು. ಪೂಜಾರಿ ಎದ್ದು, ಇದು ಹೊರಗಿನವರು ನೋಡತಕ್ಕದ್ದಲ್ಲ ಅಂದರು. ‘ತೆಗೆಯುವಾಗ ನೀವೇ ಇದ್ದಿರಲ್ಲ, ಬೇಡ ಅನ್ನಲಿಲ್ಲವಲ್ಲ’ ಎಂದು ಕಲಾವಿದೆ ಕೇಳಿದರು. ‘ತಗೀಬೇಡಿ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ವಿ ತಾಯಿ’ ಅಂದರು ಅವರು.

ಈ ಒಂದು ಮಾತು ಇಡೀ ಪ್ರಕರಣವನ್ನು ತಿರುಗಿಸಿತು ಎಂದು ನಾನು ಎಣಿಸುತ್ತೇನೆ. ನಮ್ಮ ಕಡೆ ಮನೆಗೆ ಬಂದವರಿಗೆ ಬೇಡ ಅನ್ನುವುದಿಲ್ಲ. ಆ ಸುಮ್ಮನಿರುವಿಕೆಯನ್ನು ಕಲಾವಿದೆ ಒಪ್ಪಿಗೆ ಎಂದು ತಿಳಿದಿದ್ದರು.

ಅವತ್ತೇ ಒಬ್ಬ ಹುಡುಗಿ ನಮ್ಮ ಕಣ್ಣಿಗೆ ಬಿದ್ದದ್ದು. ಅದೇ ಹಟ್ಟಿಯವಳು, ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದಳು. ನಮ್ಮ ಕೈಯಲ್ಲಿದ್ದ ಕರಪತ್ರವನ್ನು ಇಸಕೊಂಡು ಓದಿದಳು. ‘ಮೂಲನಿವಾಸಿ ಸಂಸ್ಕೃತಿಯಿಂದ ಸ್ಫೂರ್ತಿ ಪಡೆದ ಕೃತಿ’ ಎಂಬ ಅರ್ಥ ಬರುವಂತೆ ಇಂಗ್ಲೆಂಡಿನವರು ಬರೆದಿದ್ದರು. ‘ಸ್ಫೂರ್ತಿ ಅಂದ್ರೆ ಏನಕ್ಕಾ? ನಮ್ಮತ್ರ ತಗೊಂಡಿದ್ದಕ್ಕೆ ಇನ್ನೊಂದು ಹೆಸರಾ?’ ಎಂದು ಕೇಳಿದಳು. ಸುತ್ತ ಇದ್ದ ಹುಡುಗರು ನಕ್ಕರು. ಕಲಾವಿದೆ ನಗಲಿಲ್ಲ.

‘ಮೂಲನಿವಾಸಿ’ ಎಂಬ ಪದದ್ದು ಬೇರೆಯೇ ಗೋಜಲು. ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ ವಿಶ್ವಸಂಸ್ಥೆ ಒಪ್ಪಿಗೆ ಕೊಟ್ಟದ್ದು 2007ರ ಸೆಪ್ಟೆಂಬರ್ 13ರಂದು. ಪರವಾಗಿ 144 ದೇಶಗಳು, ವಿರುದ್ಧ 4. ಆ ನಾಲ್ಕರಲ್ಲಿ ಆಸ್ಟ್ರೇಲಿಯಾ ಒಂದು, ಕೆನಡಾ ಇನ್ನೊಂದು. ಆಮೇಲೆ ಅವರು ಮನಸ್ಸು ಬದಲಿಸಿದರು ಅನ್ನಿ. ಭಾರತ ಪರವಾಗಿಯೇ ಮತ ಹಾಕಿತು. ಆದರೆ ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರೆಲ್ಲ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಕಾಡುಗೊಲ್ಲರು ತಮ್ಮನ್ನು ಎಸ್‌ಟಿ ಪಟ್ಟಿಗೆ ಸೇರಿಸಿ ಎಂದು ವರ್ಷಗಳಿಂದ ಕೇಳುತ್ತಿದ್ದಾರೆ. ಪಟ್ಟಿಯಲ್ಲಿಲ್ಲದವರನ್ನು ಹೊರದೇಶದಲ್ಲಿ ಹಾಗೆ ಕರೆದರೆ ತಪ್ಪಾಗುತ್ತದೇನೋ ಎಂದು ಕಲಾವಿದೆಗೆ ಅಳುಕು. ಹಟ್ಟಿಯ ಹುಡುಗರದ್ದು ಪೂರ್ತಿ ಉಲ್ಟಾ: ‘ಹಾಕ್ಲಿ ಬಿಡಿ ಸಾರ್, ಬುಡಕಟ್ಟು ಅಂತ್ಲೇ ಹಾಕ್ಲಿ. ಫಾರಿನ್ನೋರಾದ್ರೂ ಒಪ್ಪಿದ್ರಲ್ಲ!’

ಎರಡು ಸಲ ಕೂತು ಮಾತಾಡಿದ ಮೇಲೆ ಕೆಲವು ತೀರ್ಮಾನ ಆದವು. ಪೆಟ್ಟಿಗೆಯ ದೃಶ್ಯ ತೆಗೆದು, ಆ 4 ನಿಮಿಷ ಬಲಗಡೆಯ ಪರದೆ ಕಪ್ಪಾಗಿರುತ್ತದೆ, ಎಡಗಡೆ ಗಣೆ ಮುಂದುವರಿಯುತ್ತದೆ. ಇದು ಕಲಾವಿದೆಯ ಉಪಾಯ. ಬೇರೆ ದೃಶ್ಯ ತುಂಬಿಸಿ ಮುಚ್ಚುವುದು ಬೇಡ, ಇಲ್ಲಿ ಏನೋ ಇತ್ತು ಅಂತ ನೋಡುವವರಿಗೆ ಗೊತ್ತಾಗಲಿ ಅಂದರು. ಕರಪತ್ರದಲ್ಲಿ ‘ಸ್ಫೂರ್ತಿ’ ಹೋಗಿ, ಸಮುದಾಯದ ಹೆಸರು, ಅಜ್ಜನ ಹೆಸರು, ಆಮೇಲೆ ಕಲಾವಿದೆಯ ಹೆಸರು ಬಂದವು. ಬಂದ ಸಂಭಾವನೆಯಲ್ಲಿ ಮೂರನೇ ಒಂದು ಪಾಲು ಅಜ್ಜನ ಮನೆಗೆ. ಒಪ್ಪಂದ ಕನ್ನಡದಲ್ಲಿ, ಎರಡು ವರ್ಷಕ್ಕೆ ಮಾತ್ರ. ‘ಎಂದೆಂದಿಗೂ’ ಎಂಬ ಪದವನ್ನು ಮಗನೇ ಹೊಡೆಸಿದ.

ಅಜ್ಜನ ಗಣೆಯನ್ನೂ ಪ್ರದರ್ಶನಕ್ಕೆ ಇಡಬಹುದಾ ಎಂದು ಒಂದು ಗ್ಯಾಲರಿ ಕೇಳಿತ್ತು. ಆಸ್ಟ್ರೇಲಿಯಾಕ್ಕೆ ಬಿದಿರಿನ ಸಾಮಾನು ಒಯ್ದರೆ ಬಂದಿಳಿದ ಕೂಡಲೇ ತಿಳಿಸಬೇಕು, ಹುಳುಹುಪ್ಪಟೆ ಇದೆಯಾ ಎಂದು ತಪಾಸಣೆ ಮಾಡುತ್ತಾರೆ, ಅನುಮಾನ ಬಂದರೆ ಮದ್ದಿನ ಹೊಗೆ ಹಾಕಬಹುದು. ಇದನ್ನು ಹೇಳಿದ್ದೇ ತಡ, ಮಗ ‘ಬ್ಯಾಡ’ ಅಂದ. ಗಣೆ ಹಟ್ಟಿಯಲ್ಲೇ ಉಳಿಯಿತು.

ಇಂಗ್ಲೆಂಡಿನ ಪ್ರಶ್ನೆ

ಇಷ್ಟೆಲ್ಲ ಮಾಡಿದ ಮೇಲೆ ಇನ್ನೇನು ತೊಂದರೆಯಿಲ್ಲ ಅಂದುಕೊಂಡಿದ್ದೆವು. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಪ್ರದರ್ಶನ ಆಯಿತು. ಒಂದು ಉಪನ್ಯಾಸ ಕೊಠಡಿ, ಅರವತ್ತು ಎಪ್ಪತ್ತು ಜನ. ಚಪ್ಪಲಿ ಬಿಡಿಸುವ ಮಾತೇ ಇಲ್ಲ, ಸೀಟಿನ ಸಾಲುಗಳಿಗೆ ಬೋಲ್ಟ್ ಹಾಕಿದ್ದರು. ಚಿತ್ರ ಮುಗಿಯಿತು, ಚಪ್ಪಾಳೆ ಆಯಿತು, ಪ್ರಶ್ನೋತ್ತರ ಶುರುವಾಯಿತು.

ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಎದ್ದಳು. ಭಾರತದ ಕಡೆಯವಳೇ ಇರಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕ ಅಂತ ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದಾಗ ಎಳೆಗೂಸು ತೀರಿಹೋಯಿತು ಎಂಬ ಸುದ್ದಿ ದೇಶವೆಲ್ಲ ಹಬ್ಬಿತ್ತು. ಅವಳು ಅದನ್ನು ಓದಿ ಹೇಳಿದಳು. ‘ನಿಮ್ಮ ಚಿತ್ರದಲ್ಲಿ ಬೇಲಿ ಬಹಳ ಸುಂದರವಾಗಿದೆ. ಬೇಲಿಯ ಆಚೆ ಯಾರಿದ್ದಾರೆ?’ ಎಂದು ಕೇಳಿದಳು.

ಕಲಾವಿದೆ ತಡವರಿಸಿದರು. ಅದು ಬೇರೆ ಹಟ್ಟಿ ಅಂದರು. ಅದು ನಿಜ. ನನ್ನದು ಕಲಾಕೃತಿ, ಸಮಾಜಶಾಸ್ತ್ರದ ವರದಿ ಅಲ್ಲ ಅಂದರು. ಅದೂ ನಿಜವೇ. ಆದರೆ ಚಿತ್ರೀಕರಣದ ವೇಳೆ ಬೇಲಿಯಾಚೆಯ ಗುಡಿಸಲನ್ನು ಅವರು ನೋಡಿದ್ದರು, ಕ್ಯಾಮೆರಾವನ್ನು ಬೇಕೆಂದೇ ಈ ಕಡೆ ತಿರುಗಿಸಿದ್ದರು. ಆವತ್ತು ರಾತ್ರಿ ನನಗೆ ಫೋನ್ ಮಾಡಿ, ‘ಅವಮಾನ ಮಾಡಬಾರದು ಅಂತ ಬಿಟ್ಟೆ ಮೇಷ್ಟ್ರೇ. ಈಗ ನೋಡಿದ್ರೆ ಮುಚ್ಚಿಟ್ಟ ಹಾಗಾಯ್ತು’ ಅಂದರು.

ಆಸ್ಟ್ರೇಲಿಯಾಕ್ಕೆ ಮೂರೇ ವಾರ ಇತ್ತು. ಚಿತ್ರಕ್ಕೆ ಒಂದು ವಿವರಣೆಯ ಫಲಕ ಸೇರಿಸೋಣ ಎಂದು ನಾನೇ ಬರೆದೆ. ಓದಿದರೆ ಸರ್ಕಾರಿ ಪ್ರಕಟಣೆ ಇದ್ದ ಹಾಗಿತ್ತು, ಹರಿದು ಹಾಕಿದೆ. ಪ್ರಶ್ನೋತ್ತರವೇ ಬೇಡ ಅನ್ನೋಣ ಎಂದೂ ಒಂದು ಯೋಚನೆ ಬಂತು, ಅದು ಹೇಡಿತನ ಅನ್ನಿಸಿತು. ಕೊನೆಗೆ ಕಲಾವಿದೆಯೇ ಆ ಡಿಗ್ರಿ ಹುಡುಗಿಗೆ ಫೋನ್ ಮಾಡಿ, ‘ನೀನು ಮಾತಾಡ್ತೀಯೇನಮ್ಮಾ?’ ಎಂದು ಕೇಳಿದರು.

ಅವಳು ಎರಡು ಷರತ್ತು ಹಾಕಿದಳು. ಬರೆದುಕೊಟ್ಟದ್ದನ್ನು ಓದುವುದಿಲ್ಲ. ಕಲಾವಿದೆಗೆ ಮಾತಿಗೆ ಕೊಡುವಷ್ಟೇ ದುಡ್ಡು ತನಗೂ ಕೊಡಬೇಕು. ಎರಡೂ ನ್ಯಾಯವೇ.

ಆ ಸಂಜೆಯ ಮಾತು

ಹಟ್ಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಅಂತ ಅವಳು ತುಮಕೂರಿನ ನನ್ನ ಮನೆಗೇ ಬಂದಳು. ಆಸ್ಟ್ರೇಲಿಯಾದಲ್ಲಿ ಸಂಜೆ 6, ಇಲ್ಲಿ ಮಧ್ಯಾಹ್ನ 12:30. ನನ್ನ ಹೆಂಡತಿ ಚಿತ್ರಾನ್ನ ಮಾಡಿಟ್ಟಿದ್ದಳು, ಹುಡುಗಿ ಮುಟ್ಟಲಿಲ್ಲ. ಕೈ ನಡುಗುತ್ತಿತ್ತು. ಕ್ಯಾಮೆರಾ ಆನ್ ಆದ ಮೇಲೆ ನಡುಕ ಹೋಯಿತು.

ಅವಳು ಕನ್ನಡದಲ್ಲಿ ಮಾತಾಡಿದಳು, ನಾನು ಇಂಗ್ಲಿಷಿಗೆ ದಾಟಿಸಿದೆ. ಮೊದಲು ಅಜ್ಜನ ಬಗ್ಗೆ ಹೇಳಿದಳು, ಅವರು ತನಗೆ ಸಂಬಂಧದಲ್ಲಿ ತಾತ ಆಗಬೇಕು ಅಂತ. ಆಮೇಲೆ ಕೇಳುವ ಮೊದಲೇ ಗುಡಿಸಲಿನ ವಿಷಯ ತೆಗೆದಳು. ‘ನಾನೂ ಹೊರಗೆ ಕೂತಿದ್ದೀನಿ. ಪಿಯುಸಿ ಪರೀಕ್ಷೆ ಇದ್ದಾಗಲೂ. ಈಗ ನಮ್ಮ ಮನೆಯಲ್ಲಿ ನಿಲ್ಲಿಸಿದ್ದೀವಿ, ಪಕ್ಕದ ಮನೆಯಲ್ಲಿ ನಿಂತಿಲ್ಲ. ಅದನ್ನು ನಾವು ಜಗಳ ಆಡಿ ಬಿಡಿಸ್ತೀವಿ. ಆದರೆ ಅದೊಂದಕ್ಕೋಸ್ಕರ ನೀವು ನಮ್ಮ ತಾತನ ಗಣೆ ಕೇಳಲ್ಲ ಅಂದ್ರೆ, ಇಲ್ಲ ಗಣೆ ಚೆನ್ನಾಗಿದೆ ಅಂತ ಅದನ್ನ ಕೇಳಲ್ಲ ಅಂದ್ರೆ, ಎರಡೂ ನನಗೆ ಒಪ್ಪಿಗೆ ಇಲ್ಲ.’

ಅನುವಾದ ಮಾಡುತ್ತಾ ನಾನು ಒಂದು ಕಡೆ ನಿಂತುಬಿಟ್ಟೆ. ‘ಹೊರಗೆ ಕೂತಿದ್ದೀನಿ’ ಎಂಬುದನ್ನು ಇಂಗ್ಲಿಷಿಗೆ ಹೇಗೆ ತರುವುದು? ನಮಗೆ ಎರಡೇ ಪದದಲ್ಲಿ ಎಲ್ಲ ಗೊತ್ತಾಗುತ್ತದೆ. ಮೂರು ವಾಕ್ಯ ಬೇಕಾಯಿತು.

ಪ್ರದರ್ಶನ ಚೆನ್ನಾಗಿ ನಡೆಯಿತು. ಗ್ಯಾಲರಿಯವರು ಬಾಗಿಲಲ್ಲಿ ಸೆಣಬಿನ ಚಾಪೆ ಹಾಸಿ, ಪಾದರಕ್ಷೆ ಬಿಟ್ಟು ಬರಬಹುದು ಎಂದು ಬರೆದಿದ್ದರು. ಬಿಡಲೇಬೇಕು ಎಂದು ಬರೆಯಲು ಅವರ ಸುರಕ್ಷತಾ ನಿಯಮ ಬಿಡಲಿಲ್ಲ. ಬಹಳ ಜನ ಬಿಟ್ಟರಂತೆ.

ಕೆನಡಾ: ದನಿ ಬದಲಾದದ್ದು

ಕೆನಡಾ ಪ್ರದರ್ಶನಕ್ಕೆ ಅಜ್ಜನ ಮಗನನ್ನು ಕಳಿಸಬೇಕೆಂಬುದು ಎಲ್ಲರ ಆಸೆಯಾಗಿತ್ತು. ಪಾಸ್‌ಪೋರ್ಟ್ ಆಯಿತು, ವೀಸಾ ಆಗಲಿಲ್ಲ. ಸಂಬಳದ ಚೀಟಿ ಇಲ್ಲ, ತೆರಿಗೆ ರಿಟರ್ನ್ ಇಲ್ಲ, ಬ್ಯಾಂಕಿನಲ್ಲಿ ಹೇಳಿಕೊಳ್ಳುವಂಥ ದುಡ್ಡಿಲ್ಲ. ಅವನ ಆಸ್ತಿಯೆಲ್ಲ ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ. ಎಪ್ಪತ್ತು ಕುರಿ ಬಿಟ್ಟು ಯಾವನಾದರೂ ಪರದೇಶದಲ್ಲಿ ಉಳಿದುಕೊಳ್ಳುತ್ತಾನಾ? ಆದರೆ ಅರ್ಜಿಯಲ್ಲಿ ಕುರಿಗೆ ಜಾಗವಿಲ್ಲ. ಕುರಿಗಳ ಬೆಲೆಯನ್ನು ಪ್ರಮಾಣಪತ್ರದಲ್ಲಿ ಬರೆಸಿ ಸೇರಿಸಬಹುದಿತ್ತು ಎಂದು ಆಮೇಲೆ ಒಬ್ಬರು ಹೇಳಿದರು. ನನಗೆ ಹೊಳೆದಿರಲಿಲ್ಲ. ಇದು ನನ್ನ ತಪ್ಪು.

ಕಲಾವಿದೆ ಒಬ್ಬರೇ ಹೋದರು. ಅಲ್ಲಿ ತಾಂತ್ರಿಕ ತೊಂದರೆ ಕಾದಿತ್ತು. ನಮ್ಮ ವಿಡಿಯೊ ಸೆಕೆಂಡಿಗೆ 25 ಚೌಕಟ್ಟು. ಇಲ್ಲಿ, ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಅದು ನಡೆಯುತ್ತದೆ. ಕೆನಡಾ, ಅಮೆರಿಕದ ಟಿವಿ, ಪರದೆಗಳದ್ದು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಲೆಕ್ಕ. ಗ್ಯಾಲರಿಯ ಪರದೆಗಳು 25ಕ್ಕೆ ಹೊಂದುವ 50ರ ಲೆಕ್ಕವನ್ನು ತೆಗೆದುಕೊಳ್ಳಲೇ ಇಲ್ಲ. ಹಾಗೇ ಓಡಿಸಿದರೆ ಕುರಿಗಳು ನಡೆಯುವ ನಿಧಾನದ ದೃಶ್ಯ ಜಗ್ಗಿಜಗ್ಗಿ ಬರುತ್ತಿತ್ತು. ಅಲ್ಲಿನ ತಂತ್ರಜ್ಞರು 25ನ್ನು 24ಕ್ಕೆ ಇಳಿಸಿ ಕೊಟ್ಟರು. 22 ನಿಮಿಷದ್ದು 22 ನಿಮಿಷ 55 ಸೆಕೆಂಡ್ ಆಯಿತು. ಚಿತ್ರ ನುಣುಪಾಯಿತು. ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಅಂದರು. ಕಲಾವಿದೆಗೂ ತಿಳಿಯಲಿಲ್ಲ.

ಅವರು ಒಂದು ತುಣುಕನ್ನು ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಕಳಿಸಿದರು, ಸುಮ್ನೆ ಖುಷಿಗೆ. ಅರ್ಧ ಗಂಟೆಯಲ್ಲಿ ಧ್ವನಿ ಸಂದೇಶ ಬಂತು: ‘ಅಕ್ಕಾ, ಇದು ಅಪ್ಪನ ದನಿ ಅಲ್ಲ ಕಣಕ್ಕಾ. ಯಾರೋ ದಪ್ಪಗಿರೋನು ಊದ್ದಂಗದೆ.’

ಶೇ 4ರಷ್ಟು ನಿಧಾನವಾದರೆ ಸ್ವರವೂ ಅಷ್ಟೇ ಕೆಳಗಿಳಿಯುತ್ತದೆ, ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ. ನಲವತ್ತು ವರ್ಷ ಆ ಗಣೆ ಕೇಳಿದ ಕಿವಿ ಅದು. ಉದ್ಘಾಟನೆಗೆ ಎರಡೇ ದಿನ ಇತ್ತು. ಸ್ವರವನ್ನು ಸಾಫ್ಟ್‌ವೇರಿನಲ್ಲಿ ಮೇಲೆತ್ತಿ ಸರಿಮಾಡಿ ಕೊಡುತ್ತೇವೆ ಎಂದು ಗ್ಯಾಲರಿಯವರು ಹೇಳಿದರು. ಮಾಡಿ ನೋಡಿದರೆ ಸ್ವರ ಸರಿಹೋಯಿತು, ಉಸಿರಿನ ಸದ್ದು ತಗಡಿನಂತಾಯಿತು. ಕಲಾವಿದೆ ತಮ್ಮ ಸಂಭಾವನೆಯಿಂದಲೇ ದುಡ್ಡು ಹಾಕಿ, 50ರ ಲೆಕ್ಕ ಒಪ್ಪುವ ಎರಡು ಪ್ರೊಜೆಕ್ಟರ್ ಬಾಡಿಗೆಗೆ ತಂದರು. ಮಗನಿಗೆ ಮತ್ತೆ ತುಣುಕು ಹೋಯಿತು. ‘ಈಗ ಸರಿ’ ಎಂದು ಬಂತು.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಕೆನಡಾದಲ್ಲಿ ಕಾರ್‌ಫ್ಯಾಕ್ ಎಂಬ ಕಲಾವಿದರ ಸಂಘ ಪ್ರದರ್ಶನಕ್ಕೆ ಇಷ್ಟು, ಮಾತಿಗೆ ಇಷ್ಟು ಎಂದು ಕನಿಷ್ಠ ದರಪಟ್ಟಿ ಪ್ರಕಟಿಸುತ್ತದೆ. ಆ ಪಟ್ಟಿ ನೋಡಿಕೊಂಡೇ ಗ್ಯಾಲರಿ ಕೊಟ್ಟಿತು, ಚೌಕಾಸಿಯೇ ಇರಲಿಲ್ಲ. ಆದರೆ ಹೊರದೇಶದವರು ಅಲ್ಲಿಗೆ ಹೋಗಿ ಮಾಡಿದ ಕೆಲಸದ ಸಂಭಾವನೆಯಲ್ಲಿ ಶೇ 15 ತೆರಿಗೆಗೆ ಹಿಡಿಯುತ್ತಾರೆ. ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಆಗ ನಮೂನೆ 67 ತುಂಬಬೇಕಿತ್ತು. ಅಜ್ಜನ ಮನೆಗೆ ಹೇಳಿದ್ದ ಮೂರನೇ ಒಂದು ಪಾಲು ತೆರಿಗೆ ಹಿಡಿಯುವ ಮೊದಲಿನದ್ದೋ ನಂತರದ್ದೋ ಎಂದು ಒಪ್ಪಂದದಲ್ಲಿ ಬರೆದಿರಲಿಲ್ಲ. ಮೊದಲಿನದ್ದೇ ಎಂದು ಕಲಾವಿದೆ ತೀರ್ಮಾನಿಸಿದರು. ಬಾಡಿಗೆ, ತೆರಿಗೆ ಎಲ್ಲ ಕಳೆದು ಅವರ ಕೈಯಲ್ಲಿ ಉಳಿದದ್ದು ಅಜ್ಜನ ಮನೆಗೆ ಹೋದದ್ದಕ್ಕಿಂತ ಕಮ್ಮಿ.

ಚಪ್ಪಲಿಯ ವಿಷಯ ಮಾತ್ರ ಕೆನಡಾದಲ್ಲಿ ತಾನಾಗಿಯೇ ಬಗೆಹರಿಯಿತು. ಫೆಬ್ರುವರಿ, ಹೊರಗೆ ಮೊಣಕಾಲುದ್ದ ಹಿಮ. ಅಲ್ಲಿಯವರಿಗೆ ಮನೆಯೊಳಗೆ ಬರುವಾಗ ಬೂಟು ಬಿಚ್ಚುವುದು ರೂಢಿ. ಗ್ಯಾಲರಿಯ ಬಾಗಿಲಲ್ಲಿ ಸಾಲಾಗಿ ನಿಂತ ಒದ್ದೆ ಬೂಟುಗಳ ಫೋಟೊ ಹಟ್ಟಿಗೆ ಬಂತು. ಪೂಜಾರಿ ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಇದರಿಂದ ತಿಳಿದದ್ದು

ಮೊದಲು ಹಟ್ಟಿಗೆ ತೋರಿಸಬೇಕಿತ್ತು. ಕರೆ ಬಂದ ಮೇಲಲ್ಲ, ಸಂಕಲನದ ಮೇಜಿನ ಮೇಲೆ ಇರುವಾಗಲೇ. ಹಾಗೆ ಮಾಡಿದ್ದರೆ ಪೆಟ್ಟಿಗೆಯ ದೃಶ್ಯದ ವಿಷಯ ಅಜ್ಜ ಇದ್ದಾಗಲೇ ಇತ್ಯರ್ಥ ಆಗುತ್ತಿತ್ತು. ಆಸ್ಟ್ರೇಲಿಯಾದ ಇಮೇಲ್ ಬರದೇ ಇದ್ದರೆ ನಾವು ಹೋಗುತ್ತಲೇ ಇರಲಿಲ್ಲವೇನೋ. ಹೊರಗಿನವರು ಕೇಳಿದ್ದಕ್ಕೆ ಒಳಗಿನವರನ್ನು ಕೇಳಿದೆವು ಎಂಬ ಮುಳ್ಳು ಇನ್ನೂ ಚುಚ್ಚುತ್ತದೆ.

ಆದರೆ ಎಲ್ಲ ತಪ್ಪೂ ಕಲಾವಿದೆಯದ್ದೇ ಎಂದು ಓದುವವರು ತೀರ್ಮಾನಿಸಿದರೆ ನನಗೆ ಒಪ್ಪಿಗೆ ಇಲ್ಲ. ಒಪ್ಪದ ದೃಶ್ಯ ಕೈಬಿಡುವುದು, ಪ್ರೊಜೆಕ್ಟರಿಗೆ ಜೇಬಿನಿಂದ ಹಾಕುವುದು, ವೇದಿಕೆಯಲ್ಲಿ ಮೈಕನ್ನು ಹುಡುಗಿಗೆ ಬಿಟ್ಟು ಪಕ್ಕಕ್ಕೆ ಕೂರುವುದು ಸುಲಭವಲ್ಲ. ಮೈಕ್ ಬಿಟ್ಟುಕೊಟ್ಟದ್ದು ಎಲ್ಲಕ್ಕಿಂತ ಕಷ್ಟವಾಗಿರಬೇಕು. ಅದರಿಂದಲೇ ಜಾಸ್ತಿ ಬದಲಾವಣೆ ಆದದ್ದು. ಆ ಹುಡುಗಿ ಈಗ ತನ್ನ ಮೊಬೈಲಿನಲ್ಲೇ ಹಟ್ಟಿಯ ಹೆಂಗಸರ ಮಾತು ಚಿತ್ರೀಕರಿಸುತ್ತಿದ್ದಾಳೆ. ನಮಗೆ ಇನ್ನೂ ತೋರಿಸಿಲ್ಲ. ಕೇಳಿದರೆ, ‘ಮೊದಲು ಅವರು ನೋಡ್ಲಿ ಸಾರ್’ ಅನ್ನುತ್ತಾಳೆ.

ಒಂದು ವಿಷಯ ಬಾಕಿ ಉಳಿದಿದೆ. ತೆಗೆದುಹಾಕಿದ ಆ 4 ನಿಮಿಷದ ಮೂಲ ಕಡತ. ಪ್ರವಾಸ ಮುಗಿದ ಮೇಲೆ ಇಡೀ ಕೃತಿಯ ಒಂದು ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಅಜ್ಜನ ಮಗನಿಗೆ ಕೊಟ್ಟೆವು. ಅವನು ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಗಣೆಯ ಪಕ್ಕ ಇಟ್ಟ. ‘ಪೆಟ್ಟಿಗೆದು ಇದರಲ್ಲಿ ಇದೆಯಾ?’ ಎಂದು ಕೇಳಿದ. ಇಲ್ಲ, ಅದು ತುಮಕೂರಿನಲ್ಲೇ ಇದೆ ಎಂದು ಕಲಾವಿದೆ ಹೇಳಿದರು. ಅಳಿಸಿಬಿಡಿ ಎಂದು ಪೂಜಾರಿ ಒಂದು ಸಲ ಹೇಳಿದ್ದಾರೆ. ಅಪ್ಪ ಇದ್ದಾನಲ್ಲ ಅದರಲ್ಲಿ, ಅಳಿಸಬೇಡಿ ಎಂದು ಮಗ ಹೇಳಿದ್ದಾನೆ. ಒಪ್ಪಂದದ ಎರಡು ವರ್ಷ ಮುಗಿಯುವ ಮೊದಲು ಮತ್ತೆ ಹಟ್ಟಿಯಲ್ಲಿ ಕೂರಬೇಕು.